ಇಪ್ಪತ್ತೆರಡು ಚಟ್ಟಿಗಳ ತಳ

ತೂತಿನ ಮೇಲೆ ಹಂಚಿನ ಚೂರು, ಏಣು ಇರುವ ಮಗ್ಗುಲು ಕೆಳಗೆ. ಅದರ ಮೇಲೆ ಒಂದು ಹಿಡಿ ತೆಂಗಿನ ಸಿಪ್ಪೆಯ ನಾರು. ಆಮೇಲೆ ಮಣ್ಣು. ನನ್ನ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಚಟ್ಟಿ ತುಂಬಿಸುತ್ತಿದ್ದ ಕ್ರಮ ಇದು. ಆ ಉಬ್ಬಿದ ಏಣು ಇದ್ದರೆ ಚೂರು ತಳಕ್ಕೆ ಪೂರ್ತಿ ಅಂಟಿಕೊಳ್ಳುವುದಿಲ್ಲ. ಒಂದು ಸಣ್ಣ ಸಂದು ಉಳಿಯುತ್ತದೆ, ನೀರು ಅಲ್ಲಿಂದ ಇಳಿದು ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಇಷ್ಟನ್ನು ನಾನು ಧೈರ್ಯವಾಗಿ ಬರೆಯಬಲ್ಲೆ, ಏಕೆಂದರೆ ಆ ಚೂರುಗಳು ಈಗಲೂ ನನ್ನ ಬಳಿ ಇವೆ, ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಉಳಿದದ್ದರ ಬಗ್ಗೆ ನನಗೆ ಅಷ್ಟು ಧೈರ್ಯ ಇಲ್ಲ.

ನಾನು ಸುಳ್ಯದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. ಆಧಾರ ಎಲ್ಲಿ, ಯಾರು ಬರೆದದ್ದು, ಯಾವಾಗ ಬರೆದದ್ದು ಎಂದು ಮಕ್ಕಳನ್ನು ಕೇಳಿ ಕೇಳಿ ಅದು ನನ್ನ ಮೈಗೂ ಹತ್ತಿದೆ. ಎಂ.ಎ. ಓದುವಾಗ ಶುರು ಮಾಡಿದ ದಿನಚರಿ ಇನ್ನೂ ಬಿಟ್ಟಿಲ್ಲ. ದಿನಕ್ಕೆ ನಾಲ್ಕು ಸಾಲು, ಹೆಚ್ಚೆಂದರೆ ಐದು. ಕಳೆದ ಮಳೆಗಾಲದ ಪುಟಗಳನ್ನು ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ ಕಾಗದದ ಅಂಚು ಬಟ್ಟೆಯ ಹಾಗೆ ಮೆತ್ತಗಾಗಿದೆ. ಹಾಲಿನವನು ಬಾರದ ದಿನ ಬರೆದಿದ್ದೇನೆ, ಬಸ್ಸು ತಪ್ಪಿದ್ದು ಬರೆದಿದ್ದೇನೆ. ಬೇಕಾದ ಮಾತು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಅತ್ತಿಗೆಯನ್ನು ಮಂಡೆಕೋಲಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಸ್ವಲ್ಪ ಕಾಲ ಅಲ್ಲಿಯೇ ಇದ್ದು, ಆಮೇಲೆ ಸುಳ್ಯ ಪೇಟೆಯ ನಮ್ಮ ಮನೆಗೆ ಬಂದರು. ಒಂದು ಟ್ರಂಕು, ಒಂದು ಚೀಲದಲ್ಲಿ ಮಲ್ಲಿಗೆಯ ಗೆಲ್ಲುಗಳು. ಹನ್ನೊಂದು ವರ್ಷ ನಮ್ಮೊಡನೆ ಇದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ, ಟೀಚರ್ ಎನ್ನುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೆ, "ಟೀಚರೇ, ಪಾಠ ಚೆಂದ ಆಯ್ತು, ಉಪ್ಪಿನ ಅಧ್ಯಾಯ ಬಿಟ್ಟುಹೋಯ್ತಲ್ಲ." ಅವರು ಆಡುತ್ತಿದ್ದದ್ದು ಅರೆಭಾಷೆ, ನಾನು ಪುತ್ತೂರಿನವಳು, ನನ್ನದು ತುಳು. ಎರಡೂ ಬೆರೆತು ನಮ್ಮದೇ ಒಂದು ಮಾತು ಆಗಿತ್ತು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುವಾಗಲೇ ಅರ್ಧ ಬದಲಾಗಿರುತ್ತದೆ ಎಂಬುದು ನನಗೆ ಗೊತ್ತು.

ಜಗಲಿಯಲ್ಲಿ, ಮೆಟ್ಟಿಲ ಮೇಲೆ, ಕಾಂಪೌಂಡಿನ ಗೋಡೆಯ ಮೇಲೆ ಅವರ ಚಟ್ಟಿಗಳು. ಪೈಂಟಿನ ಡಬ್ಬಿಗೆ ಮೊಳೆ ಕಾಯಿಸಿ ತೂತು ಮಾಡಿಕೊಂಡದ್ದೂ ಇತ್ತು. ಯಾರಾದರೂ ಬಂದು ಒಳ್ಳೆಯ ಬದನೆ ಸಸಿ ಉಂಟಾ ಎಂದು ಕೇಳಿದರೆ ಸುಮ್ಮನೆ ಕೊಟ್ಟುಬಿಡುವುದು. ಆದರೆ ಹಂಚಿನ ಚೂರಿಗೆ ಮಾತ್ರ ಯಾವಾಗಲೂ ಬರ. ಪೇಟೆಯಲ್ಲಿ ಈಗ ಎಲ್ಲ ತಾರಸಿ ಮನೆ, ಹಂಚು ಒಡೆಯುವುದೇ ಇಲ್ಲ. ಒಮ್ಮೆ ಬೆಳ್ಳಾರೆಗೆ ಮದುವೆಗೆ ಹೋಗಿದ್ದೆವು. ಬಸ್ಸಿಗೆ ಕಾಯುವಾಗ ಎದುರಿಗೆ ಒಂದು ಹಳೆಯ ಕಟ್ಟಡ ಕೆಡವುತ್ತಿದ್ದರು. ಅತ್ತಿಗೆ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಮದುವೆಯಲ್ಲಿ ಕೊಟ್ಟ ತೆಂಗಿನಕಾಯಿಯ ಚೀಲದ ತುಂಬ ಚೂರು ತುಂಬಿಸಿಕೊಂಡು ಬಂದರು. ಬಸ್ಸಿನಲ್ಲಿ ಕಂಡಕ್ಟರ್ ಚೀಲವನ್ನು ಬದಿಗೆ ಸರಿಸಲು ನೋಡಿದ, ಆಗಲಿಲ್ಲ.

"ಎಂತ ಅಮ್ಮ ಇದು? ಚಿನ್ನವಾ?"

"ಹಂಚು ಮಾರಾಯ."

"ಹಂಚಾ? ಮನೆ ಕಟ್ಲಿಕ್ಕುಂಟಾ?"

"ಹೌದು, ಇಪ್ಪತ್ತೆರಡು ಮನೆ. ನಿನಗೊಂದು ಬೇಕಾ?"

ಬಸ್ಸಿನಲ್ಲಿದ್ದವರು ನಕ್ಕರು. ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ, ನನ್ನ ವಿದ್ಯಾರ್ಥಿಗಳು ಯಾರಾದರೂ ಇದ್ದಾರೋ ಎಂಬ ಹೆದರಿಕೆ. ಈ ಪ್ರಸಂಗ ನನಗೆ ಕಣ್ಣಿಗೆ ಕಟ್ಟಿದ ಹಾಗೆ ಇದೆ. ಆದರೆ ದಿನಚರಿ ನೋಡಿದರೆ ಬೆಳ್ಳಾರೆಯ ಮದುವೆ ಮೇ ತಿಂಗಳಲ್ಲಿ. ಇಪ್ಪತ್ತೆರಡು ಎಂಬ ಲೆಕ್ಕ ಹುಟ್ಟಿದ್ದೇ ಜೂನ್ ಕೊನೆಗೆ. ಹಾಗಾದರೆ ಅವರು ಬಸ್ಸಿನಲ್ಲಿ ಆ ಸಂಖ್ಯೆ ಹೇಳಿರಲು ಸಾಧ್ಯವಿಲ್ಲ. ಹತ್ತು ಮನೆ ಎಂದಿರಬಹುದು, ನೂರು ಎಂದಿರಬಹುದು. ಆಮೇಲೆ ನಡೆದದ್ದನ್ನು ನನ್ನ ನೆನಪು ಹಿಂದಕ್ಕೆ ಕೊಂಡುಹೋಗಿ ಬಸ್ಸಿನಲ್ಲಿ ಕೂರಿಸಿದೆ. ಇಂಥ ನೆನಪನ್ನು ಇಟ್ಟುಕೊಂಡು ಮುಂದಿನದನ್ನು ಬರೆಯಬೇಕಾಗಿದೆ.

ಇಪ್ಪತ್ತೆರಡು ಎಂದರೆ ಜಾಯಿಕಾಯಿ ಬೀಜ. ಮಂಡೆಕೋಲಿನ ಮನೆಯ ಹಿಂದೆ ಅತ್ತಿಗೆಯ ಗಂಡ ನೆಟ್ಟ ಒಂದು ಜಾಯಿಕಾಯಿ ಮರ ಇತ್ತು. ಜಾಗ ಈಗ ಅವರ ಮೈದುನನ ಪಾಲಿಗೆ. ಅಲ್ಲಿ ರಬ್ಬರ್ ಹಾಕುತ್ತಾರೆ, ಮರ ಹೋಗುತ್ತದೆ ಎಂದು ಗೊತ್ತಾಗಿ ಅತ್ತಿಗೆ ಒಬ್ಬರೇ ಬಸ್ಸು ಹತ್ತಿ ಹೋದರು. ಜಗಳಕ್ಕಲ್ಲ. ಆ ವರ್ಷದ ಕಾಯಿ ಒಡೆಯುವ ಸಮಯ ಅದು. ಬಿದ್ದದ್ದರಲ್ಲಿ ಒಳ್ಳೆಯದನ್ನು ಆರಿಸಿ, ಒಣಗಬಾರದೆಂದು ಹಸಿ ಬಟ್ಟೆಯಲ್ಲಿ ಸುತ್ತಿ ಅದೇ ಸಂಜೆ ತಂದು, ಕೈಕಾಲು ತೊಳೆಯುವ ಮೊದಲೇ ಊರಿದರು. ಇಪ್ಪತ್ತೆರಡು ಚಟ್ಟಿ, ಒಂದಕ್ಕೆ ಒಂದೊಂದು.

"ಹೆಣ್ಣು ಗಿಡ ಯಾವುದು, ಗಂಡು ಯಾವುದು ಅಂತ ಗೊತ್ತಾಗ್ಲಿಕ್ಕೆ ಆರೇಳು ವರ್ಷ ಬೇಕು ಟೀಚರೇ" ಎಂದರು.

"ಅಷ್ಟು ಹೊತ್ತು ಕಾಯುದಾ?"

"ನಾನೆಲ್ಲಿ ಕಾಯ್ತೇನೆ? ಗಿಡ ಕಾಯ್ತದೆ."

ಈ ಮಾತು ಅವರೇ ಆಡಿದ್ದು. ಅಂದಿನ ದಿನಚರಿಯಲ್ಲಿ ಇದೆ, ತಮಾಷೆಯಾಗಿ ಕಂಡಿತೆಂದು ಬರೆದಿಟ್ಟಿದ್ದೆ.

ಆಗಸ್ಟ್ ಹೊತ್ತಿಗೆ ಒಂದೊಂದೇ ಮೊಳಕೆ ಎದ್ದಿತು. ಅದೇ ಹೊತ್ತಿಗೆ ನಮ್ಮ ಮಗಳನ್ನು ನೋಡಲು ಪುತ್ತೂರಿನಿಂದ ಗಂಡಿನ ಕಡೆಯವರು ಬರುವುದೆಂದು ಆಯಿತು. ಅದಕ್ಕಾಗಿ ಜಗಲಿಯ ಹಳೆಯ ಕೆಂಪು ಗಾರೆ ತೆಗೆಸಿ ಟೈಲ್ಸ್ ಹಾಕಿಸಿದೆವು. ಬಣ್ಣ ಆರಿಸಿದವಳು ನಾನು, ಹೆಚ್ಚುಕಡಿಮೆ ಬಿಳಿ. ಕೆಲಸ ಮುಗಿದ ಮೇಲೆ ಅತ್ತಿಗೆ ಚಟ್ಟಿಗಳನ್ನು ತಂದು ಮೊದಲಿದ್ದ ಜಾಗದಲ್ಲೇ ಗೋಡೆಗೆ ಸಾಲಾಗಿ ಇಟ್ಟರು. ಹೊರಗೆ ಇಟ್ಟರೆ ಮಳೆಯ ಹೊಡೆತಕ್ಕೆ ಎಳೆ ಗಿಡ ನಿಲ್ಲುವುದಿಲ್ಲ. ಹಂಚಿನ ಚೂರು ಮಣ್ಣನ್ನು ಹಿಡಿಯುತ್ತದೆ ನಿಜ, ಆದರೆ ನಮ್ಮ ಕಡೆಯ ಮಣ್ಣಿನ ಬಣ್ಣವನ್ನು ಯಾವ ಚೂರೂ ಹಿಡಿಯಲಾರದು. ನೀರು ಹಾಕಿದಾಗಲೆಲ್ಲ ತಳದಿಂದ ಸಣ್ಣ ಕೆಂಪು ಗೆರೆ ಹೊರಟು ಟೈಲ್ಸಿನ ಸಂದು ಹಿಡಿದು ಬಾಗಿಲ ತನಕ ಬರುತ್ತಿತ್ತು. ಅತ್ತಿಗೆ ಹಳೆಯ ಬಟ್ಟೆ ಹಿಡಿದು ಅದರ ಹಿಂದೆಯೇ ಒರೆಸಿಕೊಂಡು ಬರುತ್ತಿದ್ದರು.

ಒಂದು ಭಾನುವಾರ ನಾನು ಏನೋ ಹೇಳಿದೆ.

ಏನು ಹೇಳಿದೆ? ದಿನಚರಿಯಲ್ಲಿ ಇರುವುದು ಇಷ್ಟು: "ಜಗಲಿಯ ವಿಷಯಕ್ಕೆ ಅತ್ತಿಗೆಯೊಡನೆ ಸ್ವಲ್ಪ ಮಾತಾಯಿತು." ಸ್ವಲ್ಪ ಎಂದು ಬರೆದವಳು ನಾನು, ಮಾತಾಡಿದವಳೂ ನಾನು. ಇಂಥ ದಾಖಲೆಯನ್ನು ವಿದ್ಯಾರ್ಥಿಯೊಬ್ಬ ತಂದರೆ ನಾನು ಒಪ್ಪುತ್ತಿರಲಿಲ್ಲ. ನನ್ನ ಗಂಡನನ್ನು ಕೇಳಿದರೆ, "ನೀನು ಎಂತ ಹೇಳಿದ್ದು? ಸ್ವಲ್ಪ ಆಚೆ ಇಡಿ ಅಂದದ್ದು ಅಷ್ಟೇ" ಎನ್ನುತ್ತಾರೆ. ಅವರು ಒಳ್ಳೆಯವರು, ಮತ್ತು ಆ ಹೊತ್ತಿಗೆ ಒಳಗೆ ಟಿ.ವಿ. ನೋಡುತ್ತಿದ್ದರು. ನನ್ನ ಕಿವಿಯಲ್ಲಿ ಉಳಿದದ್ದು ಬೇರೆ. "ಇದು ನಿಮ್ಮ ಮಂಡೆಕೋಲು ಅಲ್ಲ ಅತ್ತಿಗೆ." ಮಂಡೆಕೋಲಿನಲ್ಲಿ ಅವರದು ಎಂದು ಏನೂ ಉಳಿದಿಲ್ಲ ಎಂಬುದು ಗೊತ್ತಿದ್ದೂ ನಾನು ಹಾಗೆ ಹೇಳಿದೆನೋ, ಅಥವಾ ಮನಸ್ಸಿನಲ್ಲಿ ಮಾತ್ರ ಅಂದುಕೊಂಡು ಬಾಯಲ್ಲಿ ಬೇರೆ ಏನೋ ಹೇಳಿದೆನೋ, ಅಥವಾ ನನ್ನನ್ನು ನಾನೇ ಶಿಕ್ಷಿಸಿಕೊಳ್ಳಲು ಈಗ ಹೊಸದಾಗಿ ಹುಟ್ಟಿಸಿಕೊಂಡಿದ್ದೇನೋ, ತಿಳಿಯುವ ದಾರಿ ಇಲ್ಲ. ಅತ್ತಿಗೆ ನಕ್ಕರು ಎಂದು ನೆನಪು. "ಆಯ್ತು ಟೀಚರೇ, ಇನ್ನು ಬರುದಿಲ್ಲ" ಎಂದರು.

ಬರಲಿಲ್ಲ. ಮರುದಿನವೋ ಅದರ ಮರುದಿನವೋ ಕೆಂಪು ಗೆರೆ ನಿಂತಿತು. ಅವರು ಎಂದಿನಂತೆ ಚೊಂಬಿನಲ್ಲಿ ನೀರು ಹಾಕುತ್ತಿದ್ದರು, ಆದರೆ ತೀರ ಸ್ವಲ್ಪ, ಬೆರಳು ಅದ್ದಿ ಚಿಮುಕಿಸಿದ ಹಾಗೆ. ತಳ ಒಣಗಿಯೇ ಇರುತ್ತಿತ್ತು. ಹೇಗೆ ಮಾಡಿದರು ಎಂದು ನಾನು ಕೇಳಲಿಲ್ಲ. ಕೇಳಿದರೆ ಮಾತು ಮತ್ತೆ ಆ ಭಾನುವಾರಕ್ಕೆ ಹೋಗುತ್ತದಲ್ಲ ಎಂಬ ಮುಜುಗರ.

ಗಂಡಿನವರು ಗುರುವಾರ ಬಂದರು. ಅತ್ತಿಗೆ ನೀರುದೋಸೆ ಎರೆದರು, ಕೋಳಿ ಸಾರು ಮಾಡಿದರು. ಬಂದವರಲ್ಲಿ ಒಬ್ಬ ಹೆಂಗಸು ಜಗಲಿ ಚೆನ್ನಾಗಿದೆ ಎಂದರು. ಆ ಸಂಬಂಧ ಕೂಡಿಬರಲಿಲ್ಲ, ಅದು ಬೇರೆ ಮಾತು. ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಅತ್ತಿಗೆ ನನಗೆ ಏನೋ ಹೇಳಿದರು. ಇವರೆಲ್ಲ ಹೋದ ಮೇಲೆ ಅದನ್ನೊಮ್ಮೆ ಎಳೆದು ಬಿಡಬೇಕು ಎಂದು ಹೇಳಿದ ಹಾಗೆ ಈಗ ನನಗೆ ಅನ್ನಿಸುತ್ತದೆ. ಆಗ ನಾನು ತಲೆ ಆಡಿಸಿದ ಹಾಗೂ ಅನ್ನಿಸುತ್ತದೆ. ಈ ನೆನಪನ್ನು ನಾನು ನಂಬುವುದಿಲ್ಲ. ಇದು ನನ್ನ ತಪ್ಪಿಗೆ ತೀರ ಸರಿಯಾಗಿ ಕೂರುತ್ತದೆ.

ಶುಕ್ರವಾರ ಅತ್ತಿಗೆಗೆ ಜ್ವರ ಬಂತು. ಮಳೆಗಾಲದ ಜ್ವರ ಎಂದುಕೊಂಡೆವು. ಭಾನುವಾರ ಉಸಿರಾಟ ಕಷ್ಟವಾಗಿ ಪುತ್ತೂರಿನ ಆಸ್ಪತ್ರೆಗೆ ಸೇರಿಸಿದೆವು. ಎದೆಯಲ್ಲಿ ಕಫ ಕಟ್ಟಿತ್ತು. ಒಂಬತ್ತು ದಿನ ಅಲ್ಲಿದ್ದರು. ನನ್ನ ಗಂಡ ಅಲ್ಲೇ ಉಳಿದರು, ನಾನು ಕಾಲೇಜು ಮುಗಿಸಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹೊರಡುವ ಮೊದಲು ಪ್ರತಿದಿನ ಬೆಳಿಗ್ಗೆ ಚಟ್ಟಿಗಳಿಗೆ ನೀರು ಹಾಕಿದೆ. ಅವರ ಚೊಂಬಿನಿಂದಲೇ, ಒಂದೊಂದಕ್ಕೆ ಒಂದೊಂದು ಚೊಂಬು ತುಂಬ. ಅವರು ಇಲ್ಲದಾಗ ಗಿಡಗಳಿಗೆ ಏನೂ ಕಡಿಮೆಯಾಗಬಾರದು ಎಂದು. ನೀರು ಮೇಲೆಯೇ ಸ್ವಲ್ಪ ಹೊತ್ತು ನಿಂತು ಮೆಲ್ಲ ಇಂಗುತ್ತಿತ್ತು. ಕೆಳಗೆ ಒಂದು ಹನಿ ಇಲ್ಲ. ನನಗೆ ಸಂತೋಷವೇ ಆಯಿತು. ಬರೆದೂ ಇದ್ದೇನೆ: "ಚಟ್ಟಿಗಳಿಗೆ ನೀರು ಹಾಕಿದೆ. ಜಗಲಿ ಶುಚಿ."

ಆರನೆಯ ದಿನವೋ ಏಳನೆಯ ದಿನವೋ ನಾನು ಹೋದಾಗ ಅವರು ಎಚ್ಚರವಿದ್ದರು. ಆಮ್ಲಜನಕದ ಮಾಸ್ಕನ್ನು ಸ್ವಲ್ಪ ಎತ್ತಿ ಕೇಳಿದರು.

"ನೀರು ಕೆಳಗೆ ಬರ್ತಾ ಉಂಟಾ?"

ನಾನು ಅವರ ಕೈ ಹಿಡಿದುಕೊಂಡು, ಮಗುವಿಗೆ ಹೇಳಿದ ಹಾಗೆ ಹೇಳಿದೆ. "ಇಲ್ಲ ಅತ್ತಿಗೆ, ಒಂದು ಹನಿಯೂ ಬರುದಿಲ್ಲ. ಜಗಲಿ ಕನ್ನಡಿ ಹಾಗೆ ಉಂಟು. ನೀವು ಅದೆಲ್ಲ ಯೋಚನೆ ಮಾಡ್ಬೇಡಿ."

ಅವರು ನನ್ನನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೋ. "ಹಾಗಾ" ಎಂದರು. ಮಾಸ್ಕನ್ನು ಮತ್ತೆ ಸರಿಮಾಡಿಕೊಂಡರು.

ಅವರು ಕೇಳಿದ್ದು ಗಿಡದ ಬಗ್ಗೆ. ನಾನು ನೆಲದ ಬಗ್ಗೆ ಉತ್ತರ ಕೊಟ್ಟೆ.

ಇವರು ಪಕ್ಕದಲ್ಲೇ ಇದ್ದರು, ಆದರೆ ಅಕ್ಕ ಮಾಸ್ಕ್ ತೆಗೆದು ಮಾತಾಡಿದ್ದೇ ಇಲ್ಲ ಎನ್ನುತ್ತಾರೆ. ಇದಕ್ಕೆ ಮಾತ್ರ ನನ್ನ ಬಳಿ ಆಧಾರ ಇದೆ. ಆ ದಿನದ ಪುಟದಲ್ಲಿ, ನರ್ಸು ಬದಲಾದ ವಿಷಯದ ಕೆಳಗೆ, ಒಂದು ಸಾಲು: "ಅತ್ತಿಗೆ ಚಟ್ಟಿಯ ನೀರಿನ ವಿಷಯ ಕೇಳಿದರು, ಸಮಾಧಾನ ಹೇಳಿದೆ." ಸಮಾಧಾನ ಎಂಬ ಪದವನ್ನು ನಾನು ಆಮೇಲೆ ಎಲ್ಲಿಯೂ ಬರೆದಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅವರು ಹೋದರು.

ಉತ್ತರಕ್ರಿಯೆ ಮುಗಿದು, ಬಂದವರೆಲ್ಲ ಹೋಗಿ, ಮನೆ ಮನೆಯಾಗುವ ಹೊತ್ತಿಗೆ ಸಸಿಗಳ ಎಲೆ ಹಳದಿಯಾಗಿತ್ತು. ಗಿಡಗಳಿಗೂ ಗೊತ್ತಾಗುತ್ತದೆ ಎಂದು ಯಾರೋ ನೆಂಟರು ಕಣ್ಣೊರೆಸಿಕೊಂಡರು. ನಾನೂ ಹಾಗೆಯೇ ನಂಬಿದೆ, ನಂಬುವುದು ಸುಲಭವಿತ್ತು. ಇನ್ನಷ್ಟು ನೀರು ಹಾಕಿದೆ. ಸಂಜೆಯೂ ಹಾಕಿದೆ. ಒಂದು ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡುವಾಗ ಮೊದಲ ಚಟ್ಟಿಯ ಸಸಿ ಬಾಗಿ ಮಲಗಿತ್ತು. ನೇರ ಮಾಡೋಣವೆಂದು ಮುಟ್ಟಿದೆ, ಕೈಗೇ ಬಂತು. ಬೇರು ಕಪ್ಪಾಗಿ ಲೋಳೆಯಾಗಿತ್ತು, ಕೆಟ್ಟ ವಾಸನೆ. ಆಗ ಚಟ್ಟಿಯನ್ನು ಎತ್ತಿದೆ. ಹನ್ನೊಂದು ವರ್ಷದಲ್ಲಿ ಅವರ ಒಂದು ಚಟ್ಟಿಯನ್ನಾದರೂ ನಾನು ಎತ್ತಿ ತಳ ನೋಡಿದ್ದು ಅದೇ ಮೊದಲು.

ತೂತಿನಿಂದ ಬಟ್ಟೆಯ ತುದಿಯೊಂದು ನೇತಾಡುತ್ತಿತ್ತು. ಎರಡು ಬೆರಳು ಉದ್ದ. ತಿಳಿ ನೀಲಿ, ಅದರಲ್ಲಿ ಸಣ್ಣ ಬಿಳಿ ಹೂ. ಅವರು ಮನೆಯಲ್ಲಿ ಉಡುತ್ತಿದ್ದ ವಾಯಿಲ್ ಸೀರೆ. ಎಳೆದೆ. ಬಿಗಿಯಾಗಿ ಸುರುಳಿ ಸುತ್ತಿ ಕೆಳಗಿನಿಂದ ತುರುಕಿದ ಬಟ್ಟೆ ಹೊರಗೆ ಬಂತು. ಅದರ ಹಿಂದೆಯೇ ಕಪ್ಪು ನೀರು, ಇಷ್ಟು ದಿನ ನಾನು ಹಾಕಿದ ನೀರು, ನನ್ನ ಬಿಳಿ ಟೈಲ್ಸಿನ ಮೇಲೆ.

ಎರಡನೆಯದನ್ನು ಎತ್ತಿದೆ. ಮೂರನೆಯದನ್ನು. ಇಪ್ಪತ್ತೆರಡರಲ್ಲೂ ಇತ್ತು. ಪ್ರತಿಯೊಂದರಲ್ಲೂ ಎರಡು ಬೆರಳಿನಷ್ಟು ತುದಿ ಹೊರಗೆ ಬಿಟ್ಟಿದ್ದರು.

ನಾನು ಆ ಸಾಲಿನ ಪಕ್ಕ ನೆಲದ ಮೇಲೆ ಕೂತೆ. ತೂತು ಮುಚ್ಚಿದರೆ ಏನಾಗುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಮುಚ್ಚಿದರು. ಮೊಳಕೆಗೆ ನೋವಾಗದ ಹಾಗೆ ಒಂದೊಂದು ಚಟ್ಟಿಯನ್ನೂ ಮಡಿಲಿಗೆ ವಾಲಿಸಿಕೊಂಡು, ಹಂಚಿನ ಚೂರು ಸರಿಯದ ಹಾಗೆ ಕಡ್ಡಿಯಿಂದ ಒತ್ತಿ ಒತ್ತಿ. ನಾನು ಕಾಲೇಜಿನಲ್ಲಿ ಆಧಾರಗಳ ಬಗ್ಗೆ ಪಾಠ ಮಾಡುತ್ತಿದ್ದ ಯಾವುದೋ ಮಧ್ಯಾಹ್ನ ಇರಬೇಕು. ಅದಕ್ಕಾಗಿಯೇ ನೀರನ್ನು ಚಿಮುಕಿಸುವಷ್ಟಕ್ಕೆ ಇಳಿಸಿದ್ದರು. ಗಂಡಿನವರು ಹೋದ ಮೇಲೆ ಹಿಡಿದು ಎಳೆಯಲಿಕ್ಕೆಂದೇ ಆ ತುದಿ ಬಿಟ್ಟದ್ದು. ಅದನ್ನು ಓದಲು ಯಾವ ಪದವಿಯೂ ಬೇಡ. ಒಂದು ಸಲ ಬಗ್ಗಿ ನೋಡಬೇಕಿತ್ತು, ಅಷ್ಟೇ.

ಇವರು ಬಂದು ನೋಡಿದರು. ಬಟ್ಟೆಯ ಒಂದು ಚೂರನ್ನು ಎತ್ತಿಕೊಂಡರು. ಆಮೇಲೆ, "ಆಸ್ಪತ್ರೆಯಲ್ಲಿ ಹೇಳಬಹುದಿತ್ತಲ್ಲ ಅಕ್ಕ" ಎಂದರು.

ಕೇಳಿದರಲ್ಲ, ಎಂದೆ. ಜೋರಾಗಿ ಎಂದೆನೋ ಇಲ್ಲವೋ.

ಅತ್ತಿಗೆ ಬಟ್ಟೆಯ ವಿಷಯ ಹೇಳದೇ ಇದ್ದದ್ದು ಯಾಕೆ ಎಂಬುದೇ ನನ್ನನ್ನು ಬಿಡದ ಪ್ರಶ್ನೆ. ಉಸಿರು ಸಾಲಲಿಲ್ಲವೋ. ಅಥವಾ ಕನ್ನಡಿ ಹಾಗೆ ಉಂಟು ಎಂದು ನಾನು ಅಷ್ಟು ಹೆಮ್ಮೆಯಿಂದ ಹೇಳುವಾಗ, ಇವಳಿಗೆ ಬೇಕಾದದ್ದು ಇದೇ, ಇರಲಿ ಎಂದುಕೊಂಡರೋ. ಮೊದಲನೆಯದೇ ನಿಜವಾಗಿರಲಿ ಎಂದು ನನಗೆ ಆಸೆ. ಆಸೆ ಇರುವುದರಿಂದಲೇ ಅದನ್ನು ನಂಬಲಾರೆ.

ಉಳಿದ ಸಸಿಗಳಿಗೆ ಬಟ್ಟೆ ತೆಗೆದು, ಮಣ್ಣು ಒಣಗಲು ಬಿಟ್ಟು ನೋಡಿದೆ. ಕಡಬದ ಕಡೆ ರಬ್ಬರು, ಜಾಯಿಕಾಯಿ ಎಲ್ಲ ಮಾಡಿದ ಒಬ್ಬರು ಹಿರಿಯರು ಇದ್ದಾರೆ, ನಮ್ಮ ಕಾಲೇಜಿನ ಹುಡುಗಿಯೊಬ್ಬಳ ಅಜ್ಜ, ಕೇರಳದಿಂದ ಬಂದು ನೆಲೆಸಿದವರು. ಫೋನಿನಲ್ಲಿ ಕೇಳಿದೆ. "ಬೇರು ಕರಿ ಆಯ್ತಾ? ಹಾಗಾದ್ರೆ ಬಿಡಿ ಟೀಚರ್, ಅದು ಇನ್ನು ಬರುದಿಲ್ಲ. ಬೇರೆ ಬೀಜ ಹಾಕಿ" ಎಂದರು. ಹತ್ತು ದಿನದೊಳಗೆ ಒಂದೂ ಉಳಿಯಲಿಲ್ಲ.

ಬೇರೆ ಬೀಜ. ಒಂದು ರಜೆಯ ದಿನ ಮಂಡೆಕೋಲಿಗೆ ಹೋದೆ. ಮರ ಇರಬಹುದು, ಕಡಿಯಲು ತಡವಾಗಿರಬಹುದು ಎಂದು ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಅಂದುಕೊಂಡೆ. ಮರ ಇರಲಿಲ್ಲ. ಅಲ್ಲಿ ಈಗ ರಬ್ಬರ್ ಸಸಿಗಳ ಸಾಲು. ಅತ್ತಿಗೆಯ ಮೈದುನನ ಹೆಂಡತಿ ಕಾಫಿ ಕೊಟ್ಟರು. ಬಂದ ಕಾರಣ ಹೇಳಿದೆ, ಪೂರ್ತಿ ಹೇಳಲಿಲ್ಲ.

"ಅಯ್ಯೋ, ಅಕ್ಕ ಅವತ್ತು ಬಂದು ಎಲ್ಲ ಹೆಕ್ಕಿಕೊಂಡು ಹೋದ್ರಲ್ಲ. ಅಲ್ಲಿ ನಿಮ್ಮಲ್ಲಿ ಗಿಡ ಆಗಿರ್ಬೇಕಲ್ಲ? ನಮಗೂ ಒಂದು ಕೊಡಿ ಅಂತ ಕೇಳುವ ಅಂತ ಇದ್ದೆ ನಾನು."

ನಾನು ಕಾಫಿ ಕುಡಿದೆ. ಹೊರಡುವಾಗ ಕೊಟ್ಟಿಗೆಯ ಬದಿಯಲ್ಲಿ ಒಡೆದ ಹಂಚು ರಾಶಿ ಬಿದ್ದಿರುವುದು ಕಂಡಿತು. ಕೇಳಿದೆ.

"ಹಂಚಾ? ಎಷ್ಟು ಬೇಕಾದ್ರೂ ಕೊಂಡುಹೋಗಿ ಮಾರಾಯ್ರೆ. ಎಂತಕ್ಕೆ ನಿಮಗೆ?"

"ಚಟ್ಟಿಗೆ" ಎಂದೆ.

ಏಣು ಇರುವುದನ್ನೇ ಆರಿಸಿದೆ. ಇಪ್ಪತ್ತೆರಡು ಆಗಲೇ ಮನೆಯಲ್ಲಿ ಇವೆ, ಹೊಸದು ಬೇಕಾಗಿಯೇ ಇರಲಿಲ್ಲ. ಚೀಲ ತುಂಬಿಸುವ ತನಕ ಆ ಯೋಚನೆ ಬರಲಿಲ್ಲ. ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಕಂಡಕ್ಟರ್ ಟಿಕೆಟ್ ಕೊಟ್ಟು ಮುಂದೆ ಹೋದ, ಚೀಲದಲ್ಲಿ ಏನಿದೆ ಎಂದು ಕೇಳಲಿಲ್ಲ. ಅವನು ಕೇಳಿದ್ದರೆ ಒಳ್ಳೆಯದಿತ್ತು ಎಂದು ಸುಳ್ಯ ಬರುವ ತನಕ ಅನ್ನಿಸುತ್ತಿತ್ತು. ಉತ್ತರ ಏನು ಕೊಡುತ್ತಿದ್ದೆನೋ ಗೊತ್ತಿಲ್ಲ.

ಮನೆಗೆ ಬಂದು ಒಂದು ಚಟ್ಟಿ ತೆಗೆದುಕೊಂಡೆ. ಬಟ್ಟೆ ಬದಲಿಸಲಿಲ್ಲ, ಕಾಲೇಜಿಗೆ ಉಡುವ ಸೀರೆಯಲ್ಲೇ ಜಗಲಿಯಲ್ಲಿ ಕೂತೆ. ತೂತಿನ ಮೇಲೆ ಹಂಚಿನ ಚೂರು, ಏಣು ಕೆಳಗೆ. ಒಂದು ಹಿಡಿ ನಾರು. ಅವರೇ ಕಲಸಿದ ಮಣ್ಣು ಒಣಗಿ ಗಟ್ಟಿಯಾಗಿತ್ತು, ಕೈಯಲ್ಲೇ ಪುಡಿ ಮಾಡಿ ತುಂಬಿದೆ. ಮೊದಲ ಸಲ ಚೂರು ಮಗುಚಿಕೊಂಡು ಮಣ್ಣು ಅಷ್ಟೂ ಸೋರಿತು. ಎರಡನೆಯ ಸಲವೂ ಸರಿಯಾಗಲಿಲ್ಲ. ಮೂರನೆಯ ಸಲ ನಿಂತಿತು.

ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬೀಜ ಸಿಕ್ಕಿತಾ?"

"ಇಲ್ಲ."

"ಮತ್ತೆ?"

ನಾನು ಚೊಂಬಿನಿಂದ ನೀರು ಹಾಕಿದೆ. ನಾವಿಬ್ಬರೂ ತಳವನ್ನೇ ನೋಡುತ್ತ ಇದ್ದೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸಣ್ಣ ಕೆಂಪು ಗೆರೆ ಹೊರಟು, ಟೈಲ್ಸಿನ ಸಂದು ಹಿಡಿದು ಮೆಲ್ಲ ಬಾಗಿಲ ಕಡೆಗೆ ಬಂತು. ಇವರು ಕಾಲು ಹಿಂದಕ್ಕೆ ತೆಗೆದುಕೊಂಡರು, ಒರೆಸುವ ಬಟ್ಟೆ ತರಲು ಹೋಗಲಿಲ್ಲ. ನಾನೂ ಏಳಲಿಲ್ಲ.

ಆ ದಿನದ ಪುಟದಲ್ಲಿ ಮಂಡೆಕೋಲಿಗೆ ಹೋದದ್ದು ಬರೆದಿಲ್ಲ, ಮರ ಇಲ್ಲದ್ದು ಬರೆದಿಲ್ಲ. ಒಂದೇ ಸಾಲು ಇದೆ.

"ಬರ್ತಾ ಉಂಟು ಅತ್ತಿಗೆ."